ಜನೌಷಧಿ ಕೇಂದ್ರ: ಬೆಲೆಗೆ ಪೂರ್ತಿ ಅಂಕ, ದಾಸ್ತಾನಿಗೆ ಅರ್ಧ

ಸಕ್ಕರೆ ಕಾಯಿಲೆಗೆ ಕೊಡುವ ಸಿಟಾಗ್ಲಿಪ್ಟಿನ್ ಮಾತ್ರೆಯ ಪೇಟೆಂಟ್ 2022ರ ಜುಲೈನಲ್ಲಿ ಮುಗಿಯಿತು. ಸೆಪ್ಟೆಂಬರಿಗೆಲ್ಲ ಅದೇ ಮಾತ್ರೆ ಕೇಂದ್ರ ಸರ್ಕಾರದ ಯೋಜನೆಯಡಿ ಅಗ್ಗದ ಔಷಧ ಮಾರುವ ಜನೌಷಧಿ ಕೇಂದ್ರಕ್ಕೆ ಬಂತು. 50 ಮಿ.ಗ್ರಾಂ.ನ ಹತ್ತು ಮಾತ್ರೆಗೆ ಆಗ 60 ರೂಪಾಯಿ. ಆಗ ಈ ಬಗೆಯ ಬ್ರ್ಯಾಂಡ್ ಮಾತ್ರೆಗಳ ಸ್ಟ್ರಿಪ್ 160ರಿಂದ 258 ರೂಪಾಯಿ ಇತ್ತು. ದಿನಕ್ಕೊಂದರಂತೆ ಲೆಕ್ಕ ಹಾಕಿದರೆ ತಿಂಗಳಿಗೆ 180 ರೂಪಾಯಿ ಎಲ್ಲಿ, 480ರಿಂದ 774 ಎಲ್ಲಿ!

ಇಷ್ಟು ಅಂತರ ಯಾಕೆ? ಔಷಧದ ಪೇಟೆಯಲ್ಲಿ ಚೀಟಿ ಬರೆಯುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು. ಹಾಗಾಗಿ ಹತ್ತು ಕಂಪನಿಗಳು ಒಂದೇ ಮಾತ್ರೆ ಮಾಡಿದರೂ ಪೈಪೋಟಿ ನಡೆಯುವುದು ವೈದ್ಯರ ಮನ ಗೆಲ್ಲಲು, ಬೆಲೆ ಇಳಿಸಲು ಅಲ್ಲ. 2013ರ ಬೆಲೆ ನಿಯಂತ್ರಣ ಆದೇಶ ಅಗತ್ಯ ಔಷಧಗಳ ಪಟ್ಟಿಯಲ್ಲಿರುವವಕ್ಕೆ ಮಿತಿ ಹಾಕುತ್ತದೆ. ಶೇ 1ರಷ್ಟಾದರೂ ಮಾರುಕಟ್ಟೆ ಪಾಲು ಇರುವ ಬ್ರ್ಯಾಂಡ್‌ಗಳು ಅಂಗಡಿಗೆ ಕೊಡುವ ಬೆಲೆಯ ಸರಾಸರಿಗೆ ಶೇ 16 ಮಾರ್ಜಿನ್ ಸೇರಿಸಿದರೆ ಅದೇ ಗರಿಷ್ಠ. ಪಟ್ಟಿಯ ಹೊರಗಿನವಕ್ಕೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ಕಟ್ಟು ಮಾತ್ರ. ಜನೌಷಧಿಯ ದಾರಿ ಬೇರೆ: ಟೆಂಡರ್ ಕರೆದು ಸಗಟಾಗಿ ಕೊಳ್ಳುತ್ತಾರೆ, ಮುಂಚೂಣಿಯ ಮೂರು ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಅರ್ಧ ದಾಟದಂತೆ ದರ ಕಟ್ಟುತ್ತಾರೆ. ಪ್ರತಿ ಬ್ಯಾಚೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿಯೇ ಬರುತ್ತದೆ. ‘ಅಗ್ಗದ್ದು, ಕೆಲಸ ಮಾಡಲ್ಲ’ ಎಂದು ಸುಮ್ಮನೆ ತಳ್ಳಿಹಾಕುವುದು ತಪ್ಪು.

ಕೇಂದ್ರ ಸೋಲುವುದು ದಾಸ್ತಾನಿನಲ್ಲಿ. ತೆರಿಗೆ ಬಿಟ್ಟು ಎಂಆರ್‌ಪಿಯ ಶೇ 20 ಅಂಗಡಿಯವರಿಗೆ. 10 ರೂಪಾಯಿಯ ಸ್ಟ್ರಿಪ್ ಮಾರಿದರೆ ಪೂರ್ತಿ ಎರಡು ರೂಪಾಯಿಯೂ ಉಳಿಯದು. ಅವಧಿ ಮೀರಿ ಕೈಸುಟ್ಟುಕೊಳ್ಳುವ ಭಯದಿಂದ ನಿಧಾನಕ್ಕೆ ಹೋಗುವ ಮಾತ್ರೆಗಳನ್ನು ಅವರು ತರಿಸುವುದೇ ಇಲ್ಲ. ತಿಂಗಳಿಗೆ ಗರಿಷ್ಠ 20,000 ರೂಪಾಯಿ ಪ್ರೋತ್ಸಾಹಧನ ಇದ್ದರೂ ಬಾಡಿಗೆ, ಫಾರ್ಮಾಸಿಸ್ಟ್ ಸಂಬಳದ ಮುಂದೆ ಅದು ದೊಡ್ಡದಲ್ಲ. ಯೋಜನೆಯ ಪಟ್ಟಿಯಲ್ಲಿ ಸುಮಾರು 2,000 ಔಷಧಗಳಿವೆ. ನಿಮ್ಮ ಬೀದಿಯ ಕಪಾಟಿನಲ್ಲಿ ಅಷ್ಟು ಸಿಗುತ್ತವೆ ಎಂದುಕೊಳ್ಳಬೇಡಿ.

ಆದ್ದರಿಂದ ಮಾತ್ರೆ ಮುಗಿಯುವ ದಿನ ಓಡಬೇಡಿ, ಹತ್ತು ದಿನ ಮುಂಚೆ ಹೋಗಿ. ಹಳೆಯ ಸ್ಟ್ರಿಪ್ಪಿನ ಹಿಂಬದಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆಗಿರುವ ಔಷಧದ ಮೂಲ ಹೆಸರು, ಮಿ.ಗ್ರಾಂ. ಬರೆದುಕೊಳ್ಳಿ. ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಆ ಹೆಸರು ಹಾಕಿದರೆ ಬೆಲೆ, ಹತ್ತಿರದ ಕೇಂದ್ರ ಎರಡೂ ಸಿಗುತ್ತವೆ. ಅಂಗಡಿಗೆ ಫೋನ್ ಮಾಡಿ, ತಿಂಗಳಿಗೆ ಎಷ್ಟು ಬೇಕು ಅಂತ ಹೇಳಿಬಿಡಿ. ಖಾಯಂ ಗಿರಾಕಿ ಇದ್ದಾರೆ ಎಂದು ಗೊತ್ತಾದರೆ ಬಹಳಷ್ಟು ಅಂಗಡಿಯವರು ತರಿಸಿಡುತ್ತಾರೆ. ವೈದ್ಯರ ಚೀಟಿ ಕೈಯಲ್ಲಿರಲಿ.

ಹೆಚ್ಚಿನವರು ಎಡವುವುದು ಎರಡು ಔಷಧ ಸೇರಿಸಿ ಮಾಡಿದ ಜೋಡಿ ಮಾತ್ರೆಗಳಲ್ಲಿ. ರಕ್ತದೊತ್ತಡದ ಟೆಲ್ಮಿಸಾರ್ಟಾನ್ ಜೊತೆ ಅಮ್ಲೋಡಿಪಿನ್ ಇರುವುದೇ ಬೇರೆ, ಹೈಡ್ರೋಕ್ಲೋರೋಥಯಜೈಡ್ ಇರುವುದೇ ಬೇರೆ. ಹೆಸರಿನ ಮುಂದೆ ಎಸ್‌ಆರ್ ಅಥವಾ ಇಆರ್ ಎಂದಿದ್ದರೆ ನಿಧಾನವಾಗಿ ಕರಗುವ ಮಾತ್ರೆ. ಅದರ ಬದಲು ಮಾಮೂಲಿನದನ್ನು ತೆಗೆದುಕೊಳ್ಳಬೇಡಿ. ರಕ್ತದೊತ್ತಡಕ್ಕೇ ಕೊಡುವ ಮೆಟೊಪ್ರೊಲಾಲ್‌ನಲ್ಲಿ ಸಕ್ಸಿನೇಟ್, ಟಾರ್ಟ್ರೇಟ್ ಎಂಬ ಎರಡು ಬಗೆ ಇವೆ, ಅದಲು ಬದಲು ಮಾಡುವಂತಿಲ್ಲ.

ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಮೂರ್ಛೆರೋಗದ ಫೆನಿಟೊಯಿನ್: ಈ ಮೂರನ್ನಂತೂ ವೈದ್ಯರನ್ನು ಕೇಳದೆ ಬದಲಾಯಿಸಲೇಬೇಡಿ, ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೂ ಸಹ. ಪ್ರಮಾಣದಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ದೇಹಕ್ಕೆ ತಿಳಿಯುತ್ತದೆ. ಥೈರಾಕ್ಸಿನ್ ಬದಲಾಯಿಸಿದ್ದೇ ಆದರೆ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ.

ಇನ್ನು ‘ಸುವಿಧಾ’ ಸ್ಯಾನಿಟರಿ ಪ್ಯಾಡ್. 2018ರಲ್ಲಿ ಒಂದು ಪ್ಯಾಡಿಗೆ ಎರಡೂವರೆ ರೂಪಾಯಿ ಇದ್ದದ್ದನ್ನು 2019ರ ಆಗಸ್ಟ್‌ನಲ್ಲಿ ಒಂದು ರೂಪಾಯಿಗೆ ಇಳಿಸಿದರು. ಮಾತ್ರೆ ತರಲು ಹೋದವರು ಮನೆಯ ಹೆಣ್ಣುಮಕ್ಕಳಿಗೆ ಅದನ್ನೂ ಕೇಳಿ ತನ್ನಿ.