ಜಾರುವ ಬೆಂಡು: ಕ್ರಾಪಿ ಹಿಡಿಯುವವರು ಮೊದಲು ಕೊಳ್ಳಬೇಕಾದದ್ದು

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಬ್ಲೂಗಿಲ್, ಕ್ರಾಪಿ, ಪರ್ಚ್‌ನಂಥ ಸಣ್ಣ ಮೀನು ಹಿಡಿಯಲು ಹೊರಡುವ ಕನ್ನಡದ ಗೆಳೆಯರು ಯಾವ ಕೋಲು, ಯಾವ ರೀಲು ಕೊಳ್ಳಲಿ ಎಂದು ಕೇಳುತ್ತಾರೆ. ಕೋಲು ಯಾವುದಾದರೂ ಆದೀತು, ನೀರ ಮೇಲೆ ತೇಲುತ್ತಾ ಮೀನು ಕಚ್ಚಿದ್ದನ್ನು ತೋರಿಸುವ ಬೆಂಡು ಮಾತ್ರ ಸರಿಯಾದದ್ದನ್ನು ಕೊಳ್ಳಿ ಎನ್ನುತ್ತೇನೆ. ಅಂಗಡಿಗಳಲ್ಲಿ ಸ್ಲಿಪ್ ಬಾಬರ್ ಎಂದು ಮಾರುವ, ದಾರದ ಮೇಲೆ ಜಾರುವ ಬೆಂಡು ಅದು. ಕೆಲವೇ ಡಾಲರ್‌ಗೆ ಸಿಗುತ್ತದೆ.

ಎಲ್ಲರಿಗೂ ಗೊತ್ತಿರುವ ಕೆಂಪು-ಬಿಳಿ ಗುಂಡು ಬೆಂಡು ದಾರಕ್ಕೆ ಕಚ್ಚಿಕೊಂಡು ನಿಂತಲ್ಲೇ ನಿಲ್ಲುತ್ತದೆ. ಹನ್ನೆರಡು ಅಡಿ ಆಳಕ್ಕೆ ಹುಳು ಇಳಿಸಬೇಕೆಂದರೆ ಕೋಲಿನ ತುದಿಯಿಂದ ಅಷ್ಟೂ ದಾರ ಜೋತಾಡುತ್ತದೆ, ಎಸೆಯುವುದೇ ಕಷ್ಟ. ಜಾರುವ ಬೆಂಡಿನ ನಡುವೆ ರಂಧ್ರವಿದೆ, ದಾರ ಅದರೊಳಗೆ ಓಡುತ್ತದೆ. ಮೇಲೆ, ಬೇಕಾದ ಆಳಕ್ಕೆ ನೂಲಿನ ಪುಟ್ಟ ಗಂಟು. ಗಂಟಿಗೂ ಬೆಂಡಿಗೂ ನಡುವೆ ಒಂದು ಮಣಿ. ಗಂಟು ಕೋಲಿನ ಬಳೆಗಳೊಳಗೆ ನುಸುಳಿ ರೀಲಿಗೆ ಸುತ್ತಿಕೊಳ್ಳುತ್ತದೆ. ಎಸೆಯುವಾಗ ಬೆಂಡು ಕೊಕ್ಕೆಯ ಹತ್ತಿರವೇ ಇರುತ್ತದೆ. ನೀರಿಗೆ ಬಿದ್ದ ಮೇಲೆ ಹುಳು ಇಳಿಯುತ್ತಾ ಹೋಗಿ, ಗಂಟು ಮಣಿಗೆ ತಾಗಿದಲ್ಲಿ ನಿಲ್ಲುತ್ತದೆ.

ಕಳೆದ ಜೂನ್‌ನಲ್ಲಿ ಮಿನಿಯಾಪೊಲಿಸ್‌ನ ಪಶ್ಚಿಮಕ್ಕಿರುವ ಮಿನೆಟೊಂಕಾ ಸರೋವರದ ಒಂದು ಕೊಲ್ಲಿಯಲ್ಲಿ ಗೆಳೆಯರೊಡನೆ ಬಾಡಿಗೆ ದೋಣಿಗೆ ಲಂಗರು ಹಾಕಿದ್ದೆವು. ದಡದ ಬಳಿಯ ಮರಳಿನಲ್ಲಿ ಗಂಡು ಬ್ಲೂಗಿಲ್‌ಗಳು ಗೂಡು ತೋಡಿ ಮೊಟ್ಟೆ ಕಾಯುತ್ತಿದ್ದವು. ಅಲ್ಲಿ ನೀರು ಮೊಣಕಾಲುದ್ದ. ಗುಂಡು ಬೆಂಡೇ ಸಾಕು, ಅದೇ ಮೇಲು ಕೂಡ. ಆದರೆ ಕಾವಲಿನ ದೊಡ್ಡ ಗಂಡುಗಳನ್ನು ತೆಗೆದರೆ ಕಾಲಕ್ರಮದಲ್ಲಿ ಆ ನೀರಿನ ಬ್ಲೂಗಿಲ್‌ಗಳೇ ಚಿಕ್ಕದಾಗುತ್ತವೆ. ಆದ್ದರಿಂದ ಅವುಗಳನ್ನು ಬಿಟ್ಟುಬಿಡುವುದು ನಮ್ಮ ನಿಯಮ. ನಾವು ಕಳೆಯ ಅಂಚಿನ ಆಳಕ್ಕೆ ಸರಿದೆವು.

ಕ್ರಾಪಿಗಳು ನಡುನೀರಿನಲ್ಲಿ ತೇಲುತ್ತಾ ಮೇಲಕ್ಕೆ ನೋಡುವ ಮೀನುಗಳು. ಹುಳು ಅವುಗಳಿಗಿಂತ ತುಸು ಮೇಲೆ ಇರಬೇಕು, ಕೆಳಗೆ ಹೋದರೆ ತಿರುಗಿಯೂ ನೋಡುವುದಿಲ್ಲ. ಗಂಟನ್ನು ಒಂದೊಂದು ಅಡಿ ಸರಿಸುತ್ತಾ ಹುಡುಕಿದೆವು. ಮೈಸೂರಿನ ಗೆಳೆಯ, ಗಾಳ ಹಿಡಿದದ್ದೇ ಅಂದು ಮೊದಲು, ಇದ್ದಕ್ಕಿದ್ದಂತೆ "ನನ್ನ ಬೆಂಡು ಮಲಗಿಬಿಟ್ಟಿತಲ್ಲ!" ಎಂದ. ಬೆಂಡು ಮುಳುಗಬೇಕು ಎಂದಷ್ಟೇ ಅವನಿಗೆ ಗೊತ್ತಿತ್ತು. ಕ್ರಾಪಿ ಹುಳುವನ್ನು ಕಚ್ಚಿ ಮೇಲೆದ್ದರೆ ಭಾರ ತಪ್ಪಿ ಬೆಂಡು ಅಡ್ಡ ಬೀಳುತ್ತದೆ. "ಎಳೆಯಬೇಡ, ಮೆಲ್ಲಗೆ ಎತ್ತು" ಎಂದೆ, ಏಕೆಂದರೆ ಕ್ರಾಪಿಯ ತುಟಿ ಕಾಗದದಷ್ಟು ತೆಳು. ಮೀನು ದೋಣಿಗೆ ಬಂದಾಗ ಅವನ ಮುಖ ನೋಡಬೇಕಿತ್ತು! ಆ ಸುಳಿವನ್ನು ಸ್ಪಷ್ಟವಾಗಿ ತೋರಿಸುವುದು ಉದ್ದನೆಯ, ಸಣಕಲು ಬೆಂಡು. ಗುಂಡು ಬೆಂಡಿನಲ್ಲಿ ಅದು ಕಣ್ಣಿಗೇ ಬೀಳದು.

ಕೊರತೆಗಳೂ ಇವೆ. ಕೊಕ್ಕೆ ತೀರಾ ಹಗುರವಾದರೆ ದಾರವನ್ನು ಎಳೆದುಕೊಂಡು ಇಳಿಯುವುದಿಲ್ಲ. ಅರ್ಧ ದಾರಿಯಲ್ಲೇ ನಿಂತು ಆಳ ಸುಳ್ಳಾಗುತ್ತದೆ. ಬೆಂಡಿನ ತುದಿಯಷ್ಟೇ ನೀರ ಮೇಲೆ ಕಾಣುವಂತೆ ದಾರಕ್ಕೆ ಭಾರದ ಪುಟ್ಟ ಲೋಹದ ಗುಂಡು ಕಚ್ಚಿಸಬೇಕು. ಗುಂಡು ಸೀಸದ್ದಲ್ಲ, ತವರದ್ದೇ ಇರಲಿ. ಈ ರಾಜ್ಯದ ಪಕ್ಷಿಯಾದ ಲೂನ್ ಕೆರೆಯ ತಳದ ಹರಳುಗಳೊಡನೆ ಸೀಸವನ್ನೂ ನುಂಗಿ ವಿಷವೇರಿ ಸಾಯುತ್ತದೆ. ಕೆಲವು ಸೆಂಟ್ ಉಳಿಸಲು ಹೋಗಿ ಅಂಥ ಹಕ್ಕಿಯನ್ನು ಕೊಲ್ಲುವುದನ್ನು ನಾನು ಒಪ್ಪಲಾರೆ. ಗಾಳಿ ಜೋರಾದರೆ ದಾರ ಬಿಲ್ಲಾಗಿ ಬಾಗಿ ಬೆಂಡನ್ನು ಎಳೆದೊಯ್ಯುತ್ತದೆ. ಆಗ ದೋಣಿಯ ಮರೆಯ ಬದಿಗೆ ಎಸೆಯಿರಿ.

ಕೊಳ್ಳುವಾಗ ರಂಧ್ರದ ಬಾಯಿಗೆ ಹಿತ್ತಾಳೆಯ ಬಳೆ ಕೂರಿಸಿರುವುದನ್ನೇ ಆರಿಸಿ, ದಾರ ಸಲೀಸಾಗಿ ಓಡುತ್ತದೆ. ನಾಲ್ಕು ಪೌಂಡ್ ಭಾರ ತಾಳುವ ದಾರಕ್ಕೆ ಪೆನ್ಸಿಲ್ ದಪ್ಪದ್ದು ಸಾಕು. ನೂಲಿನ ಗಂಟುಗಳ ಪೊಟ್ಟಣ ಬೇರೆಯಾಗಿ ಸಿಗುತ್ತದೆ, ಅದನ್ನೂ ತೆಗೆದುಕೊಳ್ಳಿ.