ಹೆರಿಂಗ್‌ಬೋನ್ ಟೈಲ್ಸ್: ನೇರವೋ, ಓರೆಯೋ?

ಹೆರಿಂಗ್‌ಬೋನ್ (ಉದ್ದನೆಯ ಟೈಲುಗಳನ್ನು V ಆಕಾರದಲ್ಲಿ ಅಂಕುಡೊಂಕಾಗಿ ಜೋಡಿಸುವ ವಿನ್ಯಾಸ) ಅಂದ ಕೂಡಲೇ ಮೇಸ್ತ್ರಿ ಕೇಳಿದ್ದು ಒಂದೇ: ‘ಗೋಡೆಗೆ ನೇರಕ್ಕಾ ಸಾರ್, ಓರೆಗಾ?’ ಜಯನಗರದ ನಮ್ಮ ಹಳೇ ಮನೆಯಲ್ಲಿ ಈಗ ಎರಡೂ ಇವೆ. ಬೆಡ್‌ರೂಮಿಗೆ ನೇರ, ಹಾಲಿಗೆ ಓರೆ. ಟೈಲ್ ಮಾತ್ರ ಒಂದೇ: 10×30 ಸೆಂ.ಮೀ. ವಿಟ್ರಿಫೈಡ್, ಸಂದು 2 ಮಿ.ಮೀ.

ನೇರ ಹಾಕಿದರೆ ಟೈಲ್‌ಗಳೆಲ್ಲ ಗೋಡೆಗೆ ಸಮಾನಾಂತರ ಕೂರುತ್ತವೆ, ಅಂಕುಡೊಂಕು ಸಾಲು ಮೂಲೆಯತ್ತ ಓಡುತ್ತದೆ. ಕಟಿಂಗ್ ಸಲೀಸು, ಉಳಿದ ತುಂಡು ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ, ಶೇ. 10 ಹೆಚ್ಚಿಗೆ ತಂದರೆ ಸಾಕು. ಆದರೆ ಗೋಡೆ ಮೂಲೆಮಟ್ಟಕ್ಕೆ ಇರಬೇಕು. ನಮ್ಮ ಬೆಡ್‌ರೂಮಿನ ಒಂದು ಗೋಡೆ 12 ಅಡಿಗೆ ಮುಕ್ಕಾಲು ಇಂಚು ವಾರೆ. ಅಂಚಿನ ತುಂಡುಗಳು ಒಂದು ತುದಿಯಲ್ಲಿ ಎರಡು ಬೆರಳಗಲ, ಇನ್ನೊಂದು ತುದಿಗೆ ಬರುವಷ್ಟರಲ್ಲಿ ಒಂದೇ ಬೆರಳು. ಸ್ಕರ್ಟಿಂಗ್ ಹಾಕಿದರೂ ಕಾಣುತ್ತಿತ್ತು. ಸದ್ಯಕ್ಕೆ ಅಲ್ಲಿ ಬೀರು ನಿಂತಿದೆ.

ಓರೆ ಅಂದರೆ 45 ಡಿಗ್ರಿ. ಅಂಚಿನಲ್ಲೆಲ್ಲ ತರಹೇವಾರಿ ತ್ರಿಕೋನಗಳೇ ಇರುವುದರಿಂದ ಗೋಡೆಯ ವಾರೆ ಕಣ್ಣಿಗೆ ಸಿಕ್ಕುವುದೇ ಇಲ್ಲ. ಸಾಲು ಬಾಗಿಲಿಂದ ಅಡುಗೆಮನೆಯವರೆಗೆ ನೆಟ್ಟಗೆ ಹೋಗಿ ಹಾಲ್ ಉದ್ದವಾಗಿ ಕಾಣುತ್ತದೆ. ಅದಕ್ಕೆ ತಕ್ಕ ಬೆಲೆಯೂ ಇದೆ: ತ್ರಿಕೋನದ ಚೂರುಗಳು ಬಹುಪಾಲು ಕಸಕ್ಕೆ, ಟೈಲ್ ಶೇ. 15 ಹೆಚ್ಚಿಗೆ ಬೇಕು, ಚದರಡಿ ಕೂಲಿಯೂ ಜಾಸ್ತಿ. ಗ್ರೈಂಡರ್ ಸದ್ದಿಗೆ ಪಕ್ಕದ ಮನೆಯ ಆಂಟಿ ಬಂದು ವಿಚಾರಿಸಿಕೊಂಡು ಹೋದರು.

ಓರೆಯಲ್ಲಿ ನಿಜವಾದ ಕಸುಬು ಇರುವುದು ಮೊದಲ ಜೋಡಿ ಕೂರಿಸುವುದರಲ್ಲಿ. ನಡುಮಧ್ಯೆ ನೂಲು ಹಿಡಿದು, 3-4-5 ಅಡಿ ಲೆಕ್ಕದಲ್ಲಿ (ತ್ರಿಕೋನದ ಬದಿಗಳು 3, 4, 5 ಅಡಿ ಬಂದರೆ ಮೂಲೆ ಸರಿಯಾಗಿ 90 ಡಿಗ್ರಿ) ಅಡ್ಡಗೆರೆ ಎಳೆಯುವವರೆಗೂ ಎರಡೂ ಒಂದೇ. ಆಮೇಲೆ V ಆಕಾರದ ಟೈಲ್ ಜೋಡಿಯ ಮೊನೆಯನ್ನು ನೂಲಿನ ಮೇಲೇ ಇಡೋಣ ಅನ್ನಿಸುತ್ತದೆ. ಇಡಬಾರದು. ಒಂದು ಟೈಲಿನ ತಲೆ ಇನ್ನೊಂದರ ಮಗ್ಗುಲಿಗೆ ತಾಗಿ ನಿಲ್ಲುವುದರಿಂದ V ಯ ಒಂದು ತೋಳು ಇನ್ನೊಂದಕ್ಕಿಂತ ಟೈಲಿನ ಅಗಲದಷ್ಟು ಹೆಚ್ಚು ಉದ್ದ. ಹಾಗಾಗಿ ಮೊನೆಯನ್ನು ಗಿಡ್ಡ ತೋಳಿನ ಕಡೆಗೆ, 10 ಸೆಂ.ಮೀ. ಅಗಲದ ಟೈಲಿಗೆ ಸುಮಾರು 3.5 ಸೆಂ.ಮೀ. ಸರಿಸಬೇಕು. ಇಲ್ಲದಿದ್ದರೆ ಎಡಬಲದ ಅಂಚಿನಲ್ಲಿ 7 ಸೆಂ.ಮೀ. ವ್ಯತ್ಯಾಸ ಬರುತ್ತದೆ. ನಮ್ಮ ಮೇಸ್ತ್ರಿ ಲೆಕ್ಕ ಹೇಳಲಿಲ್ಲ. ಅಂಟು ಹಾಕದೆ ಗೋಡೆಯಿಂದ ಗೋಡೆಗೆ ಒಂದು ಸಾಲು ಜೋಡಿಸಿ, ಎರಡೂ ಬದಿ ಟೇಪ್ ಹಿಡಿದು, ಕೈಯಲ್ಲೇ ತಳ್ಳಿ ಸರಿಮಾಡಿದರು. ಬಂದಿದ್ದು ಅದೇ ಮೂರೂವರೆ.

ಅಂಟಿನ ವಿಷಯದಲ್ಲಿ ಚೌಕಾಸಿ ಬೇಡ. ವಿಟ್ರಿಫೈಡ್ ಟೈಲ್ ನೀರು ಹೀರುವುದು ಶೇ. 0.5ಕ್ಕಿಂತ ಕಮ್ಮಿ, ಬರೀ ಸಿಮೆಂಟ್ ಹಾಲು ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಎರಡಕ್ಕೂ ಟೈಲ್ ಅಡ್ಹೆಸಿವ್ ಬಳಸಿದೆವು.

ಇನ್ನೊಮ್ಮೆ ಮಾಡಿಸುವುದಾದರೆ ಹಳೇ ಮನೆಗೆ ಓರೆಯೇ. ಹೊಸ ಕಟ್ಟಡವಾದರೆ ಕೋಣೆಯ ಎದುರುಬದುರು ಗೋಡೆಗಳನ್ನೂ, ಕರ್ಣವಾಗಿ ಮೂಲೆಯಿಂದ ಎದುರು ಮೂಲೆಗೂ ಅಳೆದು ನೋಡಿ. ಅಳತೆ ಜೋಡಿ ಜೋಡಿಯಾಗಿ ಹೊಂದಿದರೆ ಓರೆಗೆ ಸುಮ್ಮನೆ ದುಡ್ಡು ಸುರಿಯಬೇಡಿ. ಯಾವುದೇ ಆಗಲಿ, ಬಾಕ್ಸುಗಳ ಮೇಲಿನ ಬ್ಯಾಚ್ ನಂಬರ್ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.