ಮಾರ್ಕಪ್ ತಪಾಸಣೆಗೆ ಮೂರು ಉಪಕರಣಗಳು: ನನ್ನ ಕೈಗೆ ಒಗ್ಗಿದ್ದು ನು ಚೆಕರ್

ಬರಹದ ಕಡತಗಳಿಂದ ವೆಬ್ ಪುಟ ಕಟ್ಟಿಕೊಡುವ ಹ್ಯೂಗೋ ತಂತ್ರಾಂಶದಲ್ಲಿ ಮಾಡಿದ ನನ್ನ ಸೈಟಿನ ಒಂದು ಪುಟದಲ್ಲಿ ಚಿತ್ರದ ಕೆಳಗಿನ ಸಾಲುಗಳೆಲ್ಲ ಬೇರೆ ಗಾತ್ರದಲ್ಲಿ ಕಾಣುತ್ತಿದ್ದವು. ಎರಡು ಸಂಜೆ ಸಿಎಸ್‌ಎಸ್ (ಪುಟದ ಅಂದಚೆಂದದ ಸೂಚನೆಗಳು) ತಿದ್ದಿದರೂ ಸರಿಹೋಗಲಿಲ್ಲ. ತಪ್ಪಿದ್ದದ್ದು ಮಾರ್ಕಪ್‌ನಲ್ಲಿ, ಅಂದರೆ ಪುಟದ ರಚನೆ ಹೇಳುವ ಎಚ್‌ಟಿಎಂಎಲ್ ಟ್ಯಾಗುಗಳಲ್ಲಿ. ಅದನ್ನು ಹಿಡಿದುಕೊಟ್ಟದ್ದು ನು ಎಚ್‌ಟಿಎಂಎಲ್ ಚೆಕರ್. ಈಗ ಅದನ್ನು ಓಡಿಸದೆ ನಾನು ಒಂದು ಪುಟವನ್ನೂ ಪ್ರಕಟಿಸುವುದಿಲ್ಲ.

ಆದದ್ದು ಇಷ್ಟು. ಪ್ಯಾರಾದ ನಡುವೆ ಒಂದು ಶಾರ್ಟ್‌ಕೋಡ್ (ಹ್ಯೂಗೋ ಎಚ್‌ಟಿಎಂಎಲ್ ಆಗಿ ಬಿಡಿಸುವ ಚಿಕ್ಕ ಗುರುತು) ಹಾಕಿದ್ದೆ; ಅದು ಡಿವ್ ಎಂಬ ವಿಭಾಗದ ಟ್ಯಾಗ್ ಕೊಡುತ್ತಿತ್ತು. ಪ್ಯಾರಾವನ್ನು ಸೂಚಿಸುವ ಪಿ ಟ್ಯಾಗಿನೊಳಗೆ ಡಿವ್ ಬಂದರೆ ಬ್ರೌಸರ್ ಅಲ್ಲಿಯೇ ಪ್ಯಾರಾ ಮುಗಿಸಿಬಿಡುತ್ತದೆ. ಉಳಿದ ಸಾಲುಗಳು ಪ್ಯಾರಾದಿಂದ ಹೊರಗೆ ಬಿದ್ದವು.

ಆಗ ನಾನು ಬಳಸುತ್ತಿದ್ದದ್ದು ಟೈಡಿ ಎಂಬ ಇನ್ನೊಂದು ತಪಾಸಣೆ ಉಪಕರಣ. ಹಗುರವಾದದ್ದು, ಕ್ಷಣದಲ್ಲಿ ಕೆಲಸ ಮುಗಿಸುತ್ತದೆ. ಈ ತಪ್ಪನ್ನು ಅದೂ ಹೇಳಿತ್ತು, ಆದರೆ ಬರೀ ಎಚ್ಚರಿಕೆಯಾಗಿ. ಎಚ್ಚರಿಕೆಗೆ ಟೈಡಿ ಕೊಡುವ ಎಕ್ಸಿಟ್ ಕೋಡ್ (ಕೆಲಸ ಮುಗಿದಾಗ ಫಲಿತಾಂಶ ತಿಳಿಸುವ ಅಂಕಿ) 1, ದೋಷಕ್ಕೆ 2. ನನ್ನ ಸ್ಕ್ರಿಪ್ಟ್ 2 ಬಂದರೆ ಮಾತ್ರ ನಿಲ್ಲುತ್ತಿತ್ತು. ನು ಚೆಕರ್ ಇದನ್ನು ನೇರವಾಗಿ ದೋಷವೆಂದೇ ಕರೆಯುತ್ತದೆ.

ಆದರೆ ಅದು ನನ್ನನ್ನು ಕಾಡಿದ್ದೂ ಉಂಟು. ಮೊದಲ ವರದಿಯಲ್ಲಿ ಪ್ರತಿ ದೋಷವೂ 1ನೇ ಸಾಲಿನಲ್ಲಿಯೇ ಇತ್ತು; ಅಕ್ಷರದ ಸ್ಥಾನ ಮಾತ್ರ ಸಾವಿರಗಳಲ್ಲಿ. ಕಡತದ ಗಾತ್ರ ಕುಗ್ಗಿಸುವ ಹ್ಯೂಗೋದ ಮಿನಿಫೈ ಆಯ್ಕೆ ಪುಟವನ್ನೆಲ್ಲ ಒಂದೇ ಸಾಲಿಗೆ ಒತ್ತಿಟ್ಟಿತ್ತು. ಆ ಸಾಲಿನಲ್ಲಿ ಜಾಗ ಹುಡುಕುವುದು ಕಣ್ಣಿಗೆ ದಂಡ.

ಅದೂ ಸಾಲದೆಂಬಂತೆ ಸಂದೇಶ ಬೊಟ್ಟು ಮಾಡಿದ್ದು ಡಿವ್ ಕಡೆಗಲ್ಲ, ಕೊನೆಯಲ್ಲಿ ಒಂಟಿಯಾಗಿ ಉಳಿದ ಪಿ ಮುಚ್ಚುವ ಟ್ಯಾಗಿನ ಕಡೆಗೆ. ‘ತೆರೆದ ಪಿ ಇಲ್ಲದೆ ಮುಚ್ಚುವ ಪಿ ಬಂದಿದೆ’ ಎಂಬುದು ಅದರ ಸಾರ. ನನ್ನ ಮಾರ್ಕ್‌ಡೌನ್‌ನಲ್ಲಿ (ಹ್ಯೂಗೋ ಎಚ್‌ಟಿಎಂಎಲ್ ಆಗಿಸುವ ಸರಳ ಬರಹದಲ್ಲಿ) ನಾನು ಪಿ ಬರೆದೇ ಇರಲಿಲ್ಲ! ಇಂಥ ಸಂದೇಶ ಕಂಡರೆ ಅಲ್ಲಿಂದ ಹಿಂದಕ್ಕೆ ಓದುತ್ತಾ ಹೋಗಬೇಕು. ಕಾರಣ ಮೇಲೆಲ್ಲೋ ಇರುತ್ತದೆ.

ಮೂರನೆಯದಾದ ಎಚ್‌ಟಿಎಂಎಲ್-ವ್ಯಾಲಿಡೇಟ್ ಕೂಡ ಒಳ್ಳೆಯ ಉಪಕರಣ, ಒಂದೊಂದು ನಿಯಮವನ್ನೂ ಬೇಕಾದಂತೆ ಹೊಂದಿಸಬಹುದು. ಅದರ ‘ರೆಕಮೆಂಡೆಡ್’ ನಿಯಮಗಳು ಬರವಣಿಗೆಯ ಶೈಲಿಯನ್ನೂ ತಿದ್ದುತ್ತವೆ; ಮಾನಕವಷ್ಟೇ ಸಾಕೆನ್ನುವವರು ‘ಸ್ಟ್ಯಾಂಡರ್ಡ್’ ಆರಿಸಿಕೊಳ್ಳಬೇಕು. ಇದು ಓಡಲು ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಬೇಕು; ಅದನ್ನು ಬಳಸುವವರು ಇದನ್ನೇ ಹಿಡಿಯಲಿ. ನನ್ನ ಸೈಟಿಗೆ ನೋಡ್ ಬೇರೆ ಯಾವುದಕ್ಕೂ ಬೇಡ.

ನಾನು ಬಳಸುವ ನು ಚೆಕರ್‌ನ ಜಾರ್ ಕಡತಕ್ಕೆ (ಜಾವಾ ಪ್ರೋಗ್ರಾಮಿನ ಕಟ್ಟು) ಕಂಪ್ಯೂಟರಿನಲ್ಲಿ ಜಾವಾ ಬೇಕು, ಸರಿ. ಆದರೆ ಒಂದೇ ಕಡತ, ದುಡ್ಡಿಲ್ಲ, ಇಂಟರ್‌ನೆಟ್ ಬೇಡ. ಪುಟಕ್ಕೊಮ್ಮೆ ಓಡಿಸಿದರೆ ಪ್ರತಿ ಸಲ ಜಾವಾ ಏಳುವುದನ್ನು ಕಾಯಬೇಕು. ಇಡೀ ಫೋಲ್ಡರ್ ಒಮ್ಮೆಗೆ ಕೊಡಿ. ನಾನು ಮಿನಿಫೈ ಇಲ್ಲದೆ ಬೇರೆ ಫೋಲ್ಡರಿಗೆ ಸೈಟ್ ಕಟ್ಟಿ ಅದನ್ನು ಪರೀಕ್ಷಿಸುತ್ತೇನೆ, ದೋಷ ಶೂನ್ಯವಾದ ಮೇಲೆ ಮಿನಿಫೈ ಮಾಡಿ ಏರಿಸುತ್ತೇನೆ.